ಎರಡು ಚುಕ್ಕಿಯ ಕಕಾರ



ನಾನು ಇತಿಹಾಸದ ವಿದ್ವಾಂಸನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಆದರೂ ಈ ಹೊತ್ತು ಒಂದು ಇತಿಹಾಸವನ್ನು ಹೇಳಲು ಕುಳಿತಿದ್ದೇನೆ. ಅಂಗವಿಕಲರ ಹಕ್ಕುಗಳಿಗಾಗಿ ದೇಶ ದೇಶಗಳು ಕೂಡಿ ಮಾಡಿದ ಕೆಲಸದ ಇತಿಹಾಸ ಅದು. ಪ್ಯಾರಿಸ್, ಬೈರೂತ್, ಮರಾಕೆಶ್ ಎಂಬ ದೂರದ ಊರುಗಳು ಇದರಲ್ಲಿ ಬರುತ್ತವೆ. ಆದರೆ ನನ್ನ ಮಟ್ಟಿಗೆ ಅದು ಶುರುವಾದದ್ದು ಕಾಸರಗೋಡು ಸೀಮೆಯ ಒಂದು ಸಣ್ಣ ಪೇಟೆಯಲ್ಲಿ, ನಾನು ಕೂರುತ್ತಿದ್ದ ಉಳಿತಾಯ ಖಾತೆಯ ಕೌಂಟರಿನಲ್ಲಿ.

1991ರ ಮಳೆಗಾಲ. ಒಬ್ಬ ಮಾಷ್ಟ್ರು ಕೌಂಟರಿಗೆ ಬಂದರು. ಹುಟ್ಟಿನಿಂದಲೇ ಕಣ್ಣಿಲ್ಲದವರು, ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಖಾತೆ ನಮ್ಮಲ್ಲೇ ಇತ್ತು. ಪ್ರತಿ ತಿಂಗಳು ಬಂದು, ಹೆಬ್ಬೆಟ್ಟು ಒತ್ತಿ, ಇಬ್ಬರು ಸಾಕ್ಷಿಗಳ ಎದುರು ಹಣ ಪಡೆದು ಹೋಗುತ್ತಿದ್ದರು. ಅಂದು ಅವರು ಕೇಳಿದ್ದು ಬೇರೆಯೇ: "ನನಗೊಂದು ಚೆಕ್ ಪುಸ್ತಕ ಬೇಕು ಮಾರಾಯ್ರೆ. ನಾನು ಸಹಿ ಹಾಕಬಲ್ಲೆ." ಜೇಬಿನಿಂದ ರಟ್ಟಿನ ತುಂಡೊಂದನ್ನು ತೆಗೆದರು. ನಡುವೆ ಉದ್ದಕ್ಕೆ ಕಿಟಕಿಯ ಹಾಗೆ ಕತ್ತರಿಸಿತ್ತು. ಅದನ್ನು ಕಾಗದದ ಮೇಲಿಟ್ಟು, ಕಿಟಕಿಯೊಳಗೆ ಪೆನ್ನು ಓಡಿಸಿ ಚೊಕ್ಕವಾಗಿ ಸಹಿ ಮಾಡಿ ತೋರಿಸಿದರು. ಮತ್ತೊಮ್ಮೆ ಮಾಡಿದರು. ಎರಡೂ ಒಂದೇ ಹಾಗಿದ್ದವು.

ನಾನು ಇಲ್ಲ ಎಂದೆ. ಕಣ್ಣಿಲ್ಲದವರಿಗೆ ಚೆಕ್ ಪುಸ್ತಕ ಕೊಡುವ ಪದ್ಧತಿ ಇಲ್ಲ, ಯಾರಾದರೂ ಮೋಸ ಮಾಡಿದರೆ ಹೊಣೆ ಯಾರು ಎಂದು ಕೇಳಿದೆ. ಅವರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಾನು ಮನಸಾರೆ ನಂಬಿದ್ದೆ.

ಮಾಷ್ಟ್ರು ಸಿಟ್ಟಾಗಲಿಲ್ಲ. ಮಳೆ ಬಿಡುವ ತನಕ ಕೂರುತ್ತೇನೆಂದು ನನ್ನ ಎದುರಿನ ಕುರ್ಚಿಯಲ್ಲೇ ಕುಳಿತರು. ಚೀಲದಿಂದ ದಪ್ಪ ಕಾಗದದ ಒಂದು ಪುಸ್ತಕ ತೆಗೆದು ಓದತೊಡಗಿದರು. ಶಾಯಿಯ ಗುರುತು ಒಂದೂ ಇಲ್ಲ. ಬರೀ ಉಬ್ಬಿದ ಚುಕ್ಕಿಗಳು. ನಾನು ಇಣುಕುವುದನ್ನು ಅದು ಹೇಗೆ ತಿಳಿದರೋ, "ಕೈ ಕೊಡಿ" ಎಂದು ನನ್ನ ಬೆರಳನ್ನು ಒಂದು ಕಡೆ ಇಟ್ಟರು. "ಮೇಲೊಂದು, ಕೆಳಗೊಂದು, ಎರಡು ಚುಕ್ಕಿ ಸಿಕ್ಕಿತೋ? ಅದು ಕನ್ನಡದ ಕ." ಅನಂತರ ಇನ್ನೊಂದು ಪುಸ್ತಕ ತೆಗೆದರು. ಅಲ್ಲಿಯೂ ಹಾಗೆಯೇ ಬೆರಳು ಇಡಿಸಿದರು. ಅದೇ ಎರಡು ಚುಕ್ಕಿ. "ಇದು ಮಲಯಾಳದ ಕ" ಎಂದರು.

ಕೇಳುಗರೇ, ಗಡಿನಾಡಿನ ಕನ್ನಡಿಗನಿಗೆ ಈ ಮಾತು ಎಷ್ಟು ವಿಚಿತ್ರವಾಗಿ ಕೇಳಿಸೀತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಲಿಪಿ ಎಂದರೆ ನಮಗೊಂದು ಗಡಿಗೋಡೆ. ಬಸ್ಸಿನ ಫಲಕ ಯಾವ ಲಿಪಿಯಲ್ಲಿದೆ, ಅರ್ಜಿಯ ನಮೂನೆ ಯಾವ ಲಿಪಿಯಲ್ಲಿದೆ ಎಂದು ನೋಡಿಯೇ ನಾವು ನಮ್ಮ ಜಾಗವನ್ನು ತಿಳಿಯುವವರು. ಅಂಥದ್ದರಲ್ಲಿ ಕನ್ನಡದ ಕ ಮತ್ತು ಮಲಯಾಳದ ಕ ಒಂದೇ ಆದದ್ದು ಹೇಗೆ? ಮಾಷ್ಟ್ರನ್ನು ಕೇಳಿದೆ. "ದಿಲ್ಲಿಯಿಂದ ಪ್ಯಾರಿಸಿಗೆ ಒಂದು ಕಾಗದ ಹೋಯಿತು, ಅದರಿಂದ" ಎಂದರು. ಆ ಕಾಗದದ ಕಥೆಯನ್ನು ಮುಂದೆ ನಾನು ಓದಿ, ಕೇಳಿ ಒಟ್ಟುಮಾಡಿದೆ.

ಈ ಲಿಪಿಯನ್ನು ಕೊಟ್ಟವನು ಲೂಯಿ ಬ್ರೈಲ್. 1809ರಲ್ಲಿ ಫ್ರಾನ್ಸಿನ ಕೂವ್ರೇ ಎಂಬ ಹಳ್ಳಿಯಲ್ಲಿ, ಕುದುರೆಯ ಜೀನು ಹೊಲಿಯುವವನ ಮಗನಾಗಿ ಹುಟ್ಟಿದ. ಮೂರು ವರ್ಷದ ಮಗುವಾಗಿದ್ದಾಗ ತಂದೆಯ ಕೆಲಸದ ಮನೆಯಲ್ಲಿ ಚೂಪಾದ ಉಪಕರಣ ಕಣ್ಣಿಗೆ ತಾಗಿ, ಕ್ರಮೇಣ ಎರಡೂ ಕಣ್ಣು ಹೋದವು. ಪ್ಯಾರಿಸಿನ ಅಂಧರ ಶಾಲೆಗೆ ಸೇರಿದ. ಚಾರ್ಲ್ಸ್ ಬಾರ್ಬಿಯೇ ಎಂಬಾತ ಕತ್ತಲೆಯಲ್ಲಿ ಬೆರಳಿನಿಂದ ಓದುವಂಥ ಹನ್ನೆರಡು ಚುಕ್ಕಿಗಳ ಕ್ರಮವೊಂದನ್ನು ಕಂಡುಹಿಡಿದಿದ್ದ. ಅಷ್ಟು ಚುಕ್ಕಿಗಳು ಒಂದು ಬೆರಳಿನ ತುದಿಗೆ ಒಮ್ಮೆಲೇ ಸಿಗುವುದಿಲ್ಲ. ಹುಡುಗ ಬ್ರೈಲ್ ಅದನ್ನು ಆರು ಚುಕ್ಕಿಗೆ ಇಳಿಸಿದ. ಎಡಕ್ಕೆ ಮೂರು, ಬಲಕ್ಕೆ ಮೂರು. ಬೇಕಾದ ಕಡೆ ಉಬ್ಬಿಸಿ, ಬೇಡವಾದ ಕಡೆ ಬಿಟ್ಟರೆ 63 ಗುರುತುಗಳು ಸಿಗುತ್ತವೆ. 1829ರಲ್ಲಿ ಇದನ್ನು ಪ್ರಕಟಿಸಿದ. 1852ರಲ್ಲಿ ತೀರಿಕೊಂಡ. ಫ್ರಾನ್ಸ್ ಸರಕಾರ ಈ ಲಿಪಿಯನ್ನು ಒಪ್ಪಿಕೊಂಡದ್ದು 1854ರಲ್ಲಿ, ಅವನು ಸತ್ತು ಎರಡು ವರ್ಷವಾದ ಮೇಲೆ.

ಆಮೇಲೆ ಶುರುವಾದದ್ದು ಜಗಳ. 1878ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನವು ಬ್ರೈಲನ ಮೂಲ ಕ್ರಮವನ್ನೇ ಎಲ್ಲರೂ ಬಳಸಲಿ ಎಂದು ತೀರ್ಮಾನಿಸಿತು. ಆದರೆ ಅಮೆರಿಕದಲ್ಲಿ ನ್ಯೂಯಾರ್ಕಿನವರದು ಒಂದು ಚುಕ್ಕಿ ಕ್ರಮ, ಅಮೆರಿಕನ್ ಬ್ರೈಲ್ ಎಂಬುದು ಇನ್ನೊಂದು, ಇಂಗ್ಲೆಂಡಿನದು ಮತ್ತೊಂದು. ಒಂದೇ ಇಂಗ್ಲಿಷ್ ಭಾಷೆಯನ್ನು ಓದಲು ಹೆಲೆನ್ ಕೆಲ್ಲರ್ ಅವರಂಥವರು ಹಲವು ಲಿಪಿಗಳನ್ನು ಕಲಿಯಬೇಕಾಯಿತು. ಪಂಥಗಳ ನಡುವೆ ವಾದ ಎಷ್ಟು ಬಿಸಿಯಾಗಿತ್ತೆಂದರೆ ಅದಕ್ಕೆ 'ಚುಕ್ಕಿಗಳ ಯುದ್ಧ' ಎಂದೇ ಹೆಸರಾಯಿತು. 1932ರಲ್ಲಿ ಲಂಡನ್ನಿನಲ್ಲಿ ಎರಡೂ ದೇಶದವರು ಕುಳಿತು ಇಂಗ್ಲಿಷಿಗೆ ಒಂದು ಕ್ರಮವನ್ನು ಒಪ್ಪಿಕೊಂಡ ಮೇಲೆಯೇ ಅದು ತಣ್ಣಗಾದದ್ದು.

ನಮ್ಮ ದೇಶದ ಕಥೆಯೂ ಹೀಗೆಯೇ. 1887ರಲ್ಲಿ ಆನ್ನೀ ಶಾರ್ಪ್ ಎಂಬ ಮಹಿಳೆ ಅಮೃತಸರದಲ್ಲಿ ಅಂಧರಿಗಾಗಿ ಶಾಲೆ ತೆರೆದರು. ಭಾರತದ ಮೊದಲ ಅಂಧರ ಶಾಲೆ ಅದೇ. ಕಲ್ಕತ್ತೆಯಲ್ಲಿ ಲಾಲ್ ಬಿಹಾರಿ ಶಾ ಶಾಲೆ ಕಟ್ಟಿ ಬಂಗಾಳಿಗೆ ಚುಕ್ಕಿಗಳನ್ನು ಹೊಂದಿಸಿದರು. ಮೈಸೂರಿನಲ್ಲಿ 1901ರಲ್ಲಿ ಕಿವುಡರ ಮತ್ತು ಕುರುಡರ ಶಾಲೆ ಆರಂಭವಾಯಿತು. ಎಲ್ಲರದೂ ಪುಣ್ಯದ ಕೆಲಸವೇ. ಆದರೆ ಒಬ್ಬರನ್ನೊಬ್ಬರು ಕೇಳಿ ಮಾಡಿದವರಿಲ್ಲ. ಬಂಗಾಳಿಗೆ ಒಂದು ಕ್ರಮ, ತಮಿಳಿಗೆ ಇನ್ನೊಂದು, ಮೈಸೂರಿನ ಕನ್ನಡಕ್ಕೆ ಮತ್ತೊಂದು, ಬೈಬಲ್ ಅಚ್ಚು ಹಾಕಿಸಿದ ಮಿಶನ್ನಿನವರದು ಮಗದೊಂದು. ಒಂದು ಶಾಲೆಯಲ್ಲಿ ಕಲಿತ ಮಗುವಿಗೆ ಇನ್ನೊಂದು ಶಾಲೆಯ ಪುಸ್ತಕ ಬರೀ ಉಬ್ಬುತಗ್ಗಿನ ಕಾಗದ. ಒಂದೊಂದು ಲಿಪಿಗೂ ಓದುಗರು ಬೆರಳೆಣಿಕೆಯಷ್ಟು. ಓದುಗರು ಕಡಿಮೆಯೆಂದು ಮುದ್ರಣಾಲಯವಿಲ್ಲ, ಮುದ್ರಣಾಲಯವಿಲ್ಲವೆಂದು ಪುಸ್ತಕವಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ನ್ಯೂಜಿಲೆಂಡಿನ ಸರ್ ಕ್ಲೂಥಾ ಮೆಕೆಂಜಿ ಭಾರತಕ್ಕೆ ಬಂದರು. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಗಲಿಪೊಲಿಯ ರಣರಂಗದಲ್ಲಿ ಕಣ್ಣು ಕಳೆದುಕೊಂಡ ಸೈನಿಕ ಅವರು. ಯುದ್ಧದಲ್ಲಿ ಕಣ್ಣು ಹೋದ ಭಾರತೀಯ ಸಿಪಾಯಿಗಳಿಗೆ ಡೆಹ್ರಾಡೂನಿನಲ್ಲಿ ತರಬೇತಿ ನಡೆಸಿದರು. ಆ ಹೊತ್ತಿಗೇ ದೇಶಕ್ಕೆಲ್ಲ ಒಂದೇ ಬ್ರೈಲ್ ಬೇಕೆಂಬ ಪ್ರಯತ್ನವೂ ನಡೆದಿತ್ತು. ಸರಕಾರದ ಸಮಿತಿಯೊಂದು ನಮ್ಮ ಧ್ವನಿಗಳ ವರ್ಗಕ್ಕೆ ಹೊಂದುವಂಥ ಒಂದು ಕ್ರಮವನ್ನೂ ಸಿದ್ಧಪಡಿಸಿತು. ಆದರೆ ಅದು ಲೂಯಿ ಬ್ರೈಲನ ಮೂಲ ಅಕ್ಷರಗಳನ್ನು ಬಿಟ್ಟು ನಡೆದಿತ್ತು. ಮಗು ಇಂಗ್ಲಿಷಿಗೆ ಒಂದು, ಮನೆಮಾತಿಗೆ ಒಂದು ಎಂದು ಎರಡೆರಡು ಸಲ ಬೆರಳನ್ನು ಪಳಗಿಸಬೇಕೇ ಎಂದು ಅನೇಕರು ವಿರೋಧಿಸಿದರು. ಮತ್ತೆ ಜಗಳ.

1947ರಲ್ಲಿ ಸ್ವಾತಂತ್ರ್ಯ ಬಂತು. ಅದೇ ವರ್ಷ ಶಿಕ್ಷಣ ಮಂತ್ರಾಲಯದಲ್ಲಿ ಬ್ರೈಲಿನ ಕೆಲಸ ನೋಡಿಕೊಳ್ಳಲು ಲಾಲ್ ಅಡ್ವಾಣಿ ಎಂಬ ಸಿಂಧಿನ ತರುಣರು ಸೇರಿದರು. ಅವರಿಗೂ ಕಣ್ಣಿರಲಿಲ್ಲ. ದೇಶ ಇಬ್ಭಾಗವಾಗಿ, ನಿರಾಶ್ರಿತರ ಡೇರೆಗಳು ಇನ್ನೂ ಎದ್ದಿರದ ಕಾಲ. ಮೌಲಾನಾ ಆಜಾದರು ಶಿಕ್ಷಣ ಮಂತ್ರಿಗಳು. ಅಂಥ ಹೊತ್ತಿನಲ್ಲಿ, 1949ರ ಏಪ್ರಿಲ್ ತಿಂಗಳಲ್ಲಿ, ಭಾರತ ಸರಕಾರ ಪ್ಯಾರಿಸಿನಲ್ಲಿರುವ ಯುನೆಸ್ಕೋ ಸಂಸ್ಥೆಗೆ ಕಾಗದ ಬರೆಯಿತು. ಬ್ರೈಲ್ ಲಿಪಿಯ ಈ ಗೊಂದಲ ನಮ್ಮೊಬ್ಬರದಲ್ಲ, ಜಗತ್ತಿನ ಎಲ್ಲ ಭಾಷೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಬಗೆಹರಿಸಿ ಎಂಬುದು ಅದರ ಸಾರ. ನನ್ನ ಮಾಷ್ಟ್ರು ಹೇಳಿದ ಕಾಗದ ಇದೇ.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಹೊಸ ದೇಶ, ಖಾಲಿ ಖಜಾನೆ. ಆದರೂ ಅದು ನಮಗೆ ಸಹಾಯ ಮಾಡಿ ಎಂದು ಕೈಯೊಡ್ಡಲಿಲ್ಲ, ಎಲ್ಲರೂ ಕೂಡಿ ಮಾಡೋಣ ಬನ್ನಿ ಎಂದು ಕರೆಯಿತು.

ಯುನೆಸ್ಕೋ ಆ ಕಾಗದವನ್ನು ಕಪಾಟಿಗೆ ಹಾಕಲಿಲ್ಲ. ಕ್ಲೂಥಾ ಮೆಕೆಂಜಿಯವರಿಗೇ ಕೆಲಸವನ್ನು ಒಪ್ಪಿಸಿತು. 1950ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸಿನಲ್ಲಿ ನಾನಾ ದೇಶಗಳ ತಜ್ಞರು ಕೂಡಿದರು. ಅಲ್ಲಿ ಒಪ್ಪಿದ ಸೂತ್ರ ಬಹಳ ಸರಳ. ಯಾವ ಭಾಷೆಯೇ ಆಗಲಿ, ಒಂದು ಧ್ವನಿಗೆ ಲೂಯಿ ಬ್ರೈಲ್ ಕೊಟ್ಟ ಚುಕ್ಕಿಗಳನ್ನೇ ಕೊಡುವುದು. ಅಲ್ಲಿ ಸಿಗದ ಧ್ವನಿಗಳಿಗೆ ಅಕ್ಕಪಕ್ಕದ ಭಾಷೆಗಳು ಕೂಡಿ ಒಂದೇ ಗುರುತನ್ನು ಆರಿಸುವುದು. 1951ರ ಫೆಬ್ರವರಿಯಲ್ಲಿ ಲೆಬನಾನಿನ ಬೈರೂತಿನಲ್ಲಿ ಮತ್ತೊಂದು ಸಭೆ. ಅರಬ್ ದೇಶಗಳವರೂ ನಮ್ಮ ಕಡೆಯವರೂ ಎದುರುಬದುರು ಕುಳಿತರು. ಬಲದಿಂದ ಎಡಕ್ಕೆ ಬರೆಯುವ ಅರಬ್ಬಿಯನ್ನು ಬ್ರೈಲಿನಲ್ಲಿ ಎಡದಿಂದ ಬಲಕ್ಕೆ ಓದಲು ಅರಬರು ಒಪ್ಪಿಕೊಂಡರು. ಶತಮಾನಗಳ ಅಭ್ಯಾಸವನ್ನು ಕಣ್ಣಿಲ್ಲದ ಮಕ್ಕಳಿಗಾಗಿ ತಿರುಗಿಸಿದ ದೊಡ್ಡತನ ಅದು. ಅದೇ ವರ್ಷ ಭಾರತದ ಭಾಷೆಗಳಿಗೆಲ್ಲ ಹೊಂದುವ 'ಭಾರತಿ ಬ್ರೈಲ್' ರೂಪುಗೊಂಡಿತು. ಡೆಹ್ರಾಡೂನಿನಲ್ಲಿ ಸರಕಾರದ ಬ್ರೈಲ್ ಮುದ್ರಣಾಲಯವೂ ತೆರೆಯಿತು. 1953ರಲ್ಲಿ ಮೆಕೆಂಜಿಯವರು ನಾನಾ ಭಾಷೆಗಳ ಬ್ರೈಲ್ ಕ್ರಮಗಳನ್ನು ಸೇರಿಸಿದ ಗ್ರಂಥವನ್ನು ಯುನೆಸ್ಕೋ ಪ್ರಕಟಿಸಿತು.

ಇದರ ಫಲವೇನೆಂಬುದನ್ನು 'ಕಮಲ' ಎಂಬ ಪದದಿಂದ ನೋಡೋಣ. ಆರು ಚುಕ್ಕಿಗಳ ಮನೆಯಲ್ಲಿ ಎಡಗಡೆಯ ಮೂರಕ್ಕೆ ಮೇಲಿನಿಂದ ಒಂದು, ಎರಡು, ಮೂರು ಎಂದೂ ಬಲಗಡೆಯ ಮೂರಕ್ಕೆ ನಾಲ್ಕು, ಐದು, ಆರು ಎಂದೂ ಹೆಸರು. ಒಂದು ಮತ್ತು ಮೂರು ಉಬ್ಬಿದರೆ ಕ. ಅದಕ್ಕೆ ನಾಲ್ಕನ್ನು ಸೇರಿಸಿದರೆ ಮ. ಒಂದು, ಎರಡು, ಮೂರು ಉಬ್ಬಿದರೆ ಲ. ಒಟ್ಟು ಎಂಟು ಚುಕ್ಕಿಗಳಲ್ಲಿ 'ಕಮಲ' ಆಯಿತು. ಈ ಎಂಟು ಚುಕ್ಕಿಗಳನ್ನು ಮುಟ್ಟಿದರೆ ಕಾಸರಗೋಡಿನ ಮಲಯಾಳಿ ಮಗುವೂ ಕಮಲ ಎಂದೇ ಓದುತ್ತದೆ. ಅಕ್ಕಲಕೋಟೆಯ ಮರಾಠಿ ಮಗುವೂ, ಆದವಾನಿಯ ತೆಲುಗು ಮಗುವೂ ಹಾಗೆಯೇ ಓದುತ್ತವೆ. ತಮಿಳಿನ ಕ ಅದೇ. ಉರ್ದುವಿನ ಕಾಫ್ ಕೂಡ ಅದೇ ಎರಡು ಚುಕ್ಕಿ. ಇಂಗ್ಲಿಷಿನ ಕೆ ಅಕ್ಷರವೂ ಅದೇ. ನಮ್ಮ ಕಾಗುಣಿತದ ಕೊಂಬು, ಕೆಳಗೆ ಇಳಿಯುವ ಒತ್ತು ಇವೆಲ್ಲ ಬ್ರೈಲಿನಲ್ಲಿ ಒಂದೇ ಸಾಲಿಗೆ ಬಂದು ಕೂರುತ್ತವೆ. ಭಾಷೆಗಳು ಒಂದಾಗಲಿಲ್ಲ, ಕನ್ನಡ ಕನ್ನಡವಾಗಿಯೇ ಉಳಿಯಿತು. ಬೆರಳಿಗೆ ಮಾತ್ರ ಗಡಿ ಇಲ್ಲವಾಯಿತು.

ಲಿಪಿ ಸಿಕ್ಕಿತು. ಓದಲು ಪುಸ್ತಕ ಬೇಕಲ್ಲ? ಅಲ್ಲಿ ಎದುರಾದದ್ದು ಹೊಸ ತಡೆ. ಹಕ್ಕುಸ್ವಾಮ್ಯವಿರುವ ಪುಸ್ತಕವನ್ನು ಬ್ರೈಲಿಗೆ ಇಳಿಸಬೇಕಾದರೆ ಬಹಳ ಕಡೆ ಹಕ್ಕುದಾರರ ಅನುಮತಿ ಬೇಕಿತ್ತು. ಅನುಮತಿ ಪಡೆದು ಒಂದು ದೇಶದಲ್ಲಿ ಸಿದ್ಧಪಡಿಸಿದ ಪ್ರತಿಯನ್ನು ಅದೇ ಭಾಷೆ ಓದುವ ಇನ್ನೊಂದು ದೇಶಕ್ಕೆ ಕಳುಹಿಸಲು ಬಹುತೇಕ ಕಡೆ ಕಾನೂನು ಬಿಡುತ್ತಿರಲಿಲ್ಲ. ಸ್ಪೇನಿನಲ್ಲಿ ಸಿದ್ಧವಾದ ಪುಸ್ತಕ ಸ್ಪ್ಯಾನಿಷ್ ಆಡುವ ದಕ್ಷಿಣ ಅಮೆರಿಕದ ಅಂಧರಿಗೆ ಸಿಗುತ್ತಿರಲಿಲ್ಲ. ತಮಾಷೆಯೆಂದರೆ, ಅಂಧರ ಪುಸ್ತಕದ ಕಟ್ಟನ್ನು ಸಾಮಾನ್ಯ ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಪುಕ್ಕಟೆ ಸಾಗಿಸಬೇಕೆಂದು ವಿಶ್ವ ಅಂಚೆ ಒಕ್ಕೂಟ ಎಂದೋ ಒಪ್ಪಿಕೊಂಡಿತ್ತು. ಹೊರಲು ಅಂಚೆಯವನು ತಯಾರು, ಕಳುಹಿಸಲು ಕಾನೂನಿನ ಒಪ್ಪಿಗೆಯಿಲ್ಲ! ಪ್ರಕಟವಾಗುವ ಪುಸ್ತಕಗಳಲ್ಲಿ ನೂರಕ್ಕೆ ಹತ್ತರಷ್ಟೂ ಅಂಧರ ಕೈಗೆ ಎಟಕುವುದಿಲ್ಲವೆಂದು ವಿಶ್ವ ಅಂಧರ ಒಕ್ಕೂಟ ಅಂದಾಜು ಮಾಡಿತ್ತು. ಇದಕ್ಕೆ ಅವರು ಇಟ್ಟ ಹೆಸರು 'ಪುಸ್ತಕದ ಬರಗಾಲ'.

ಆ ಬರಗಾಲ ನೀಗಲು ಅಂಧರ ಸಂಘಟನೆಗಳೇ ಒಂದು ಒಪ್ಪಂದದ ಕರಡು ಬರೆಸಿದವು. 2009ರಲ್ಲಿ ಬ್ರೆಜಿಲ್, ಈಕ್ವಡಾರ್, ಪರಾಗ್ವೆ ದೇಶಗಳು ಅದನ್ನು ಜಿನೀವಾದಲ್ಲಿ ಮುಂದಿಟ್ಟವು. ಪ್ರಕಾಶಕರ ಕಡೆಯಿಂದ ಅಡ್ಡಿಗಳು ಬಂದವು, ಚರ್ಚೆ ನಾಲ್ಕು ವರ್ಷ ಎಳೆಯಿತು. ಕೊನೆಗೆ 2013ರ ಜೂನ್ 27ರಂದು ಮೊರಾಕ್ಕೋದ ಮರಾಕೆಶ್ ನಗರದಲ್ಲಿ ಒಪ್ಪಂದ ಅಂಗೀಕಾರವಾಯಿತು. ಅಂಧರಿಗಾಗಿ, ಹಾಗೂ ಅಚ್ಚಾದ ಪುಸ್ತಕವನ್ನು ಓದಲಾಗದ ಇತರರಿಗಾಗಿ, ಅನುಮತಿಗೆ ಕಾಯದೆ ಪುಸ್ತಕವನ್ನು ಬೇರೆ ರೂಪಕ್ಕೆ ತರಬಹುದು, ಗಡಿ ದಾಟಿಸಬಹುದು. ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಯಾವುದು ಗೊತ್ತೇ? 2014ರ ಜೂನ್‌ನಲ್ಲಿ, ಭಾರತ. ಇಪ್ಪತ್ತು ದೇಶಗಳ ಒಪ್ಪಿಗೆ ಸೇರಿ 2016ರ ಸೆಪ್ಟೆಂಬರ್ 30ರಂದು ಒಪ್ಪಂದ ಜಾರಿಗೆ ಬಂತು. 1949ರ ಕಾಗದದ ಮಾತು ಅಲ್ಲಿಗೆ ತಲುಪಿತೆಂದು ನನಗೆ ಅನ್ನಿಸುತ್ತದೆ.

ಈ ನಡುವೆ ಇನ್ನೊಂದು ದೊಡ್ಡ ಬದಲಾವಣೆಯೂ ಆಗಿತ್ತು. ಮೊದಲೆಲ್ಲ ಅಂಗವಿಕಲರ ವಿಷಯವೆಂದರೆ ದಯೆಯ ವಿಷಯ. 1975ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಘೋಷಣೆ ಹೊರಡಿಸಿತು. 1981ನ್ನು ಅಂಗವಿಕಲರ ಅಂತಾರಾಷ್ಟ್ರೀಯ ವರ್ಷವೆಂದು ಆಚರಿಸಿತು. ಏಷ್ಯಾ ಮತ್ತು ಪೆಸಿಫಿಕ್ ದೇಶಗಳು 1992ರಲ್ಲಿ ಬೀಜಿಂಗಿನಲ್ಲಿ ಕೂಡಿ ಮಾಡಿದ ಘೋಷಣೆಯನ್ನು ಜಾರಿಗೆ ತರಲೆಂದೇ ನಮ್ಮ ಸಂಸತ್ತು 1995ರಲ್ಲಿ ಅಂಗವಿಕಲರ ಕಾಯಿದೆ ಮಾಡಿತು. ಅನಂತರ 2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆಯಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಅಂಗೀಕಾರವಾಯಿತು. ಅದನ್ನು ಬರೆಯುವಾಗ ಅಂಗವಿಕಲರೇ ಮೇಜಿನ ಸುತ್ತ ಕುಳಿತಿದ್ದರು. 'ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ' ಎಂಬುದು ಅವರ ಘೋಷವಾಕ್ಯ. ಭಾರತ 2007ರಲ್ಲಿ ಅದನ್ನು ಸ್ಥಿರೀಕರಿಸಿತು. 2008ರ ಮೇ 3ರಂದು ಅದು ಜಾರಿಗೆ ಬಂತು. ನಮ್ಮ 2016ರ ಹೊಸ ಕಾಯಿದೆ ಅದರ ಕೂಸು.

ಆ ಒಡಂಬಡಿಕೆಯ ಹನ್ನೆರಡನೆಯ ವಿಧಿಯನ್ನು ಓದಿದಾಗ ನಾನು ಕುಳಿತಲ್ಲೇ ತಲೆ ತಗ್ಗಿಸಿದೆ. ಅಂಗವಿಕಲರು ಆಸ್ತಿ ಹೊಂದಲು, ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳಲು, ಬ್ಯಾಂಕಿನ ಸಾಲ ಪಡೆಯಲು ಎಲ್ಲರಷ್ಟೇ ಹಕ್ಕುಳ್ಳವರು ಎಂದು ಅಲ್ಲಿ ಬರೆದಿದೆ. ಜಗತ್ತಿನ ದೇಶಗಳು ನ್ಯೂಯಾರ್ಕಿನಲ್ಲಿ ಕುಳಿತು ನನ್ನ ಕೌಂಟರಿನ ವಿಷಯವನ್ನೇ ಮಾತಾಡಿದ್ದವು!

ಅಷ್ಟು ದೂರವೇಕೆ? ನಮ್ಮಲ್ಲಿಯೇ ಅಂಗವಿಕಲರ ಮುಖ್ಯ ಆಯುಕ್ತರ ನ್ಯಾಯಾಲಯ 1995ರ ಕಾಯಿದೆಯ ಮೇರೆಗೆ 2005ರಲ್ಲಿ ಆದೇಶ ಮಾಡಿತ್ತು. ಅದನ್ನು ಅನುಸರಿಸಿ ರಿಸರ್ವ್ ಬ್ಯಾಂಕು 2008ರ ಜೂನ್ 4ರಂದು ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತು. ಕಣ್ಣಿಲ್ಲದವರು ಕಾನೂನಿನ ಪ್ರಕಾರ ಕರಾರು ಮಾಡಿಕೊಳ್ಳಲು ಅರ್ಹರು, ಚೆಕ್ ಪುಸ್ತಕ, ಎ.ಟಿ.ಎಂ., ಲಾಕರು, ಸಾಲ ಎಲ್ಲವನ್ನೂ ಭೇದವಿಲ್ಲದೆ ಕೊಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಅರ್ಹರು ಎಂಬ ಮಾತನ್ನು ಗಮನಿಸಿ. ಅಂದು ಹೊಸದಾಗಿ ಅರ್ಹರಾದದ್ದಲ್ಲ, ಮೊದಲಿನಿಂದಲೂ ಅರ್ಹರೇ. 1991ರಲ್ಲಿ ನಾನು ಮಾಷ್ಟ್ರಿಗೆ ತೋರಿಸಿದ್ದು ಕಾನೂನನ್ನಲ್ಲ, ನಮ್ಮ ರೂಢಿಯನ್ನು.

ಸುತ್ತೋಲೆ ಬಂದಾಗ ನಾನು ಬೇರೆ ಶಾಖೆಗಳನ್ನು ಸುತ್ತಿ ಮತ್ತೆ ಅದೇ ಪೇಟೆಗೆ ಬಂದಿದ್ದೆ. ಮಾಷ್ಟ್ರು ನಿವೃತ್ತರಾಗಿದ್ದರು. ಫೋನು ಮಾಡಿ ಹೇಳಿದೆ. "ಈಗ ಬರೆಯಲು ಖಾತೆಯಲ್ಲಿ ಹಣ ಬೇಕಲ್ಲ ಮಾರಾಯ್ರೆ" ಎಂದು ನಕ್ಕರು. ಆದರೆ ಮರುದಿನವೇ ಬಂದರು. ಅರ್ಜಿ ಕೊಟ್ಟು, ಕೆಲವು ದಿನ ಬಿಟ್ಟು ಬಂದು ಪುಸ್ತಕ ಪಡೆದರು. ಮೊದಲ ಚೆಕ್ಕನ್ನು ಅಲ್ಲಿಯೇ, ಸೆಲ್ಫ್ ಎಂದು, ನೂರು ರೂಪಾಯಿಗೆ ಬರೆಸಿ, ರಟ್ಟಿನ ಕಿಟಕಿ ಇಟ್ಟು ಸಹಿ ಮಾಡಿದರು. ಟೋಕನ್ ಹಿಡಿದು ಉಳಿದವರ ಸಾಲಿನಲ್ಲಿ ಕುಳಿತರು. ಸಾಕ್ಷಿಗಳಿಲ್ಲ, ಹೆಬ್ಬೆಟ್ಟಿನ ಶಾಯಿ ಇಲ್ಲ. ನಂಬರು ಕರೆದಾಗ ಎದ್ದು ಬಂದು ಹಣ ಎಣಿಸಿಕೊಂಡರು. ನನ್ನ ಕಡೆ ತಿರುಗಿ, "ಹದಿನೇಳು ವರ್ಷಕ್ಕೆ ಬಡ್ಡಿ ಕೊಡುವುದಿಲ್ಲವೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೇಳುಗರೇ, ಗಡಿನಾಡಿನಲ್ಲಿರುವ ನಾವು ನಮ್ಮ ಲಿಪಿಯಲ್ಲಿ ಒಂದು ಅರ್ಜಿ ಕೊಡಿ ಎಂದು ಕಚೇರಿಯ ಬಾಗಿಲಲ್ಲಿ ನಿಂತವರು. ಹಕ್ಕು ಕಾಗದದಲ್ಲಿದ್ದೂ ಕೌಂಟರಿನಲ್ಲಿ ಸಿಗದಿದ್ದರೆ ಹೇಗಿರುತ್ತದೆಂದು ನಾವು ಬಲ್ಲೆವು. ಹಾಗಿದ್ದರೂ ಕೌಂಟರಿನ ಈಚೆ ಕುಳಿತ ದಿನ ನಾನೇ ಅದನ್ನು ಮರೆತೆ. ದಿಲ್ಲಿಯಿಂದ ಪ್ಯಾರಿಸಿಗೆ, ಪ್ಯಾರಿಸಿನಿಂದ ಬೈರೂತಿಗೆ ಹೋದ ಮಾತು ಸಮುದ್ರಗಳನ್ನು ದಾಟಿತು. ಕೊನೆಯ ಒಂದು ಗಜ, ಆ ಮೇಜಿನ ಅಗಲ, ಅದನ್ನು ದಾಟಿಸುವ ಕೆಲಸ ಯಾವ ರಾಷ್ಟ್ರಸಂಘವೂ ಮಾಡಲಾರದು. ಶಾಲೆಯಲ್ಲಿ, ಪಂಚಾಯತಿನಲ್ಲಿ, ರೇಶನ್ ಅಂಗಡಿಯಲ್ಲಿ ಮೇಜಿನ ಈಚೆ ಕುಳಿತವರು ನಾವೇ ಆದ್ದರಿಂದ ಅದು ನಮ್ಮ ಪಾಲಿನ ಕೆಲಸ.

ಇನ್ನೊಮ್ಮೆ ಬ್ರೈಲ್ ಪುಸ್ತಕವೊಂದು ಕೈಗೆ ಸಿಕ್ಕಿದರೆ, ಕಣ್ಣು ಮುಚ್ಚಿ ಬೆರಳಿಟ್ಟು ನೋಡಿ. ಮೇಲೊಂದು, ಕೆಳಗೊಂದು, ಎರಡು ಚುಕ್ಕಿ. ಅದು ನಮ್ಮ ಕನ್ನಡದ ಕ, ನೆರೆಮನೆಯವರ ಕ ಕೂಡ.